ಆಟಕ್ಕುಂಟು, ಲೆಕ್ಕಕ್ಕಿಲ್ಲ

ನನ್ನ ಫೋನಿನಲ್ಲಿ ‘ಹತ್ತು’ ಅನ್ನೋ ಹೆಸರಿನ ಒಂದು ಪಟ್ಟಿ ಇದೆ. ಅದರಲ್ಲಿ ಹದಿನಾಲ್ಕು ಜನರ ನಂಬರ್ ಇದೆ. ಹದಿನಾಲ್ಕು ಜನಕ್ಕೆ ಫೋನ್ ಮಾಡಿದರೆ ಹತ್ತು ಜನ ಬರುತ್ತಾರೆ ಅನ್ನೋ ಲೆಕ್ಕಾಚಾರ. ನಾನು ಕುಂದಾಪುರದವನು. ಬ್ಯಾಂಕಿನ ವರ್ಗಾವಣೆ ಮೇಲೆ 1991ರಲ್ಲಿ ಮುಂಬೈಗೆ ಬಂದೆ. ಥಾಣೆಯಲ್ಲಿ ಮನೆ ಮಾಡಿದೆ, ಇಲ್ಲೇ ನಿವೃತ್ತನೂ ಆದೆ. ಜೀವನವಿಡೀ ನೋಟು ಎಣಿಸಿದವನು ಕೊನೆಗೆ ಯಹೂದಿ ಗಂಡಸರನ್ನು ಎಣಿಸುವ ಕೆಲಸಕ್ಕೆ ಬಿದ್ದೆ.

ಶುರುವಾದದ್ದು ಎದುರು ಮನೆಯಿಂದ. ಅಲ್ಲಿದ್ದವರು ಬೆನೆ ಇಸ್ರೇಲ್ ಅನ್ನೋ ಯಹೂದಿ ಪಂಗಡದ ಗಂಡ ಹೆಂಡತಿ. ರೈಲ್ವೆಯಲ್ಲಿದ್ದು ನಿವೃತ್ತರಾದವರು. ನಮಗೆ ಅವರು ಕಾಕಾ, ಕಾಕೂ. ಮನೆಮಾತು ಮರಾಠಿ. ಕಾಕೂ ಉಡುವುದು ಸೀರೆ, ಕೊರಳಲ್ಲಿ ಕರಿಮಣಿ. ಬಾಗಿಲ ಬಲಗಡೆ ಚೌಕಟ್ಟಿನ ಮೇಲೆ ಬೆರಳುದ್ದದ ಒಂದು ಡಬ್ಬಿ ಓರೆಯಾಗಿ ಮೊಳೆ ಹೊಡೆದು ಕೂರಿಸಿದ್ದರು. ಒಳಗೆ ಹೋಗುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತು ಕೊಡುತ್ತಿದ್ದರು. ಅದಕ್ಕೆ ಮೆಜೂಜಾ ಅನ್ನುತ್ತಾರೆ, ಅದರೊಳಗೆ ಕೈಯಲ್ಲಿ ಬರೆದ ದೇವರ ವಾಕ್ಯ ಇರುತ್ತದೆ ಅನ್ನೋದು ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಅಲ್ಲಿವರೆಗೆ ಅದು ಹಳೆಯ ಕಾಲಿಂಗ್ ಬೆಲ್ ಅಂದುಕೊಂಡಿದ್ದೆ.

ನಾವು ಕನ್ನಡದವರು ಅಂತ ತಿಳಿದ ದಿನ ಕಾಕಾ ಹೇಳಿದ ಮೊದಲ ಮಾತು, “ಹಾಗಾದರೆ ನಮ್ಮ ಮಶೀದು ನಿಮ್ಮ ಊರಿನ ಕೃಪೆ.” ಮಶೀದು ಅಂದರೆ ಮಸೀದಿ ಅಲ್ಲ. ಮುಂಬೈನ ಹಳೆಯ ಬೆನೆ ಇಸ್ರೇಲರು ತಮ್ಮ ಪ್ರಾರ್ಥನಾ ಮಂದಿರಕ್ಕೆ, ಅಂದರೆ ಸಿನಗಾಗಿಗೆ, ಹಾಗೇ ಕರೆಯುತ್ತಿದ್ದರು. ಮಸ್ಜಿದ್ ರೈಲ್ವೆ ನಿಲ್ದಾಣಕ್ಕೆ ಆ ಹೆಸರು ಬಂದದ್ದೇ ಅವರ ಸಿನಗಾಗಿನಿಂದ ಅಂತ ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದನ್ನು 1796ರಲ್ಲಿ ಕಟ್ಟಿಸಿದವರು ಸ್ಯಾಮುಯೆಲ್ ಎಜೆಕಿಯಲ್ ದಿವೇಕರ್. ಬ್ರಿಟಿಷರ ಸೈನ್ಯದಲ್ಲಿದ್ದರು. ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಕಡೆಯವರಿಗೆ ಸೆರೆ ಸಿಕ್ಕರು. ಇವರು ಬೆನೆ ಇಸ್ರೇಲರು, ಕುರಾನಿನಲ್ಲಿ ಹೆಸರಿರುವ ಜನ ಅಂತ ತಿಳಿದು ಟಿಪ್ಪುವಿನ ತಾಯಿಯೇ ಜೀವ ಉಳಿಸಿದಳು ಅನ್ನೋದು ಅವರ ಮನೆಮನೆಯ ಕಥೆ. ಬದುಕಿ ಮನೆಗೆ ಬಂದರೆ ಗುಡಿ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತಿದ್ದರಂತೆ. ನನ್ನ ಹೆಂಡತಿ ಮಂಡ್ಯದವಳು. “ನಮ್ಮ ಕಡೆ ಜೈಲು ಕಂಡವರೆಲ್ಲ ಹೀಗೇ ಗುಡಿ ಕಟ್ಟಿಸಿದ್ದರೆ ಎಷ್ಟು ಚೆನ್ನಾಗಿತ್ತು” ಅಂದಳು. ಕಾಕಾ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಎರಡು ಮನೆಗಳ ಬಾಗಿಲೂ ತೆರೆದೇ ಇರುತ್ತಿದ್ದವು.

ಶನಿವಾರ ಬಿಟ್ಟು. ಶುಕ್ರವಾರ ಸೂರ್ಯ ಮುಳುಗುವುದರಿಂದ ಶನಿವಾರ ನಕ್ಷತ್ರ ಕಾಣುವವರೆಗೆ ಶಬ್ಬಾತ್. ಬೆಂಕಿ ಹಚ್ಚುವಂತಿಲ್ಲ, ಅಡುಗೆ ಮಾಡುವಂತಿಲ್ಲ, ಸ್ವಿಚ್ ಒತ್ತುವಂತಿಲ್ಲ. ಅವರಲ್ಲೂ ಎಲ್ಲರೂ ಇಷ್ಟು ಕಟ್ಟುನಿಟ್ಟಲ್ಲ. ಶನಿವಾರ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವರೂ ಬೇಕಾದಷ್ಟಿದ್ದಾರೆ. ಆದರೆ ಕಾಕಾ ಮಡಿಯ ಮನುಷ್ಯ. ಅವರ ಪೂರ್ವಿಕರ ಹಡಗು ಅಲಿಬಾಗ್ ಹತ್ತಿರ ನವಗಾಂವ್ ಕರೆಯಲ್ಲಿ ಒಡೆಯಿತಂತೆ. ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರಂತೆ. ಆಮೇಲೆ ಕೊಂಕಣದ ಹಳ್ಳಿಗಳಲ್ಲಿ ಗಾಣ ಹಾಕಿಕೊಂಡು ಬದುಕಿದರು. ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಅವರನ್ನು ‘ಶನಿವಾರ ತೇಲಿ’ ಅಂದರು, ಶನಿವಾರದ ಗಾಣಿಗರು ಅಂತ. ಪುಸ್ತಕ ಕಳೆದುಹೋಯಿತು, ಭಾಷೆ ಕಳೆದುಹೋಯಿತು, ಶನಿವಾರ ಮತ್ತು ‘ಶೆಮಾ’ ಅನ್ನೋ ಒಂದು ಪ್ರಾರ್ಥನೆ ಮಾತ್ರ ಉಳಿಯಿತು ಅನ್ನುತ್ತಿದ್ದರು ಕಾಕಾ. ನನ್ನ ಹೆಂಡತಿಗೆ ಇದು ತಕ್ಷಣ ಅರ್ಥವಾಯಿತು. ಅವಳ ಊರಿನಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ.

ಒಂದು ಮೇ ತಿಂಗಳ ಶನಿವಾರ ಕಾಕಾ ಬಂದು ಬಾಗಿಲು ತಟ್ಟಿದರು. ಬೆಲ್ ಒತ್ತುವಂತಿಲ್ಲವಲ್ಲ.

“ಏನು ಸೆಕೆ ಅಲ್ವಾ” ಅಂದರು.

“ಹೌದು ಕಾಕಾ, ವಿಪರೀತ” ಅಂದೆ.

“ನಮ್ಮ ಮನೆಯಲ್ಲಂತೂ ಇನ್ನೂ ಸೆಕೆ.”

“ಪಡುವಣ ಬಿಸಿಲು ಬೀಳುತ್ತೆ ನೋಡಿ, ಅದಕ್ಕೆ.”

ಅವರು ಸುಮ್ನೆ ನಿಂತರು. “ನಿನ್ನೆ ಕರೆಂಟ್ ಹೋಗಿದ್ದಾಗ ಕಾಕೂ ಫ್ಯಾನಿನ ಸ್ವಿಚ್ ಆರಿಸಿಬಿಟ್ಟಿದ್ದಾಳೆ” ಅಂದರು. ಆಗಲೂ ನನಗೆ ಹೊಳೆಯಲಿಲ್ಲ. ಒಳಗಿಂದ ಹೆಂಡತಿ ಬಂದು, ನನ್ನನ್ನು ಪಕ್ಕಕ್ಕೆ ತಳ್ಳಿ, ಎದುರು ಮನೆಗೆ ಹೋಗಿ ಸ್ವಿಚ್ ಒತ್ತಿ ಬಂದಳು. ಬಾಯಿಬಿಟ್ಟು ‘ಹಾಕಿ ಕೊಡಿ’ ಅಂತ ಹೇಳುವಂತಿಲ್ಲ. ಹೇಳಿದರೆ ತಾವೇ ಹಾಕಿದ ಹಾಗೆ. ಆಮೇಲೆ ನಾನೂ ಕಲಿತೆ. ‘ಕತ್ತಲಾಯಿತು’ ಅಂದರೆ ಲೈಟು. ‘ನೀರು ತಣ್ಣಗಿದೆ’ ಅಂದರೆ ಗೀಸರ್.

ಶುಕ್ರವಾರ ಸಂಜೆ ಕೆಲವು ಸಲ ನಮ್ಮನ್ನೂ ಕರೆಯುತ್ತಿದ್ದರು. ಕಾಕೂ ತಲೆ ಮೇಲೆ ಸೆರಗು ಹೊದ್ದು ಎರಡು ದೀಪ ಹಚ್ಚಿ, ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಾಕಾ ಬಟ್ಟಲು ಎತ್ತಿ ಮಂತ್ರ ಹೇಳುತ್ತಿದ್ದರು. ಬಟ್ಟಲಲ್ಲಿ ಇರುತ್ತಿದ್ದದ್ದು ವೈನ್ ಅಲ್ಲ, ಒಣದ್ರಾಕ್ಷಿಯ ಶರಬತ್ತು. ಬೆನೆ ಇಸ್ರೇಲರ ರೂಢಿ ಅದು. ಕಪ್ಪು ಒಣದ್ರಾಕ್ಷಿಯನ್ನು ನೆನೆಸಿ, ಹಿಸುಕಿ, ಸೋಸುವುದು. ಗುರುವಾರ ಬೆಳಿಗ್ಗೆ ದ್ರಾಕ್ಷಿ ನೆನೆಹಾಕುವುದು ಕಾಕಾನ ಕೆಲಸ. ಅದಕ್ಕೆ ಬೇರೆ ಯಾರೂ ಕೈ ಹಾಕುವಂತಿರಲಿಲ್ಲ.

2019ರ ಜನವರಿ 10, ಗುರುವಾರವೂ ನೆನೆಹಾಕಿದ್ದರು. ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತರು. ನಾನು ಮತ್ತು ವಾಚ್‌ಮನ್ ಸೇರಿ ಆಸ್ಪತ್ರೆಗೆ ಸೇರಿಸಿದೆವು. ರಾತ್ರಿ ಏಳೂವರೆಗೆ ಹೋಗಿಬಿಟ್ಟರು. ಈ ಏಳೂವರೆ ಅನ್ನೋದು ಆಮೇಲೆ ನನ್ನನ್ನು ಕಾಡಿತು, ಅದನ್ನು ಮುಂದೆ ಹೇಳುತ್ತೇನೆ.

ಮಗ ಇಸ್ರೇಲಿನ ಅಷ್ದೋದ್ ಊರಿನಲ್ಲಿ. ಫೋನಿನಲ್ಲಿ ಅಳುತ್ತಲೇ ಹೇಳಿದ, “ನನಗಾಗಿ ಕಾಯಬೇಡಿ.” ನಮ್ಮಲ್ಲಾದರೆ ಮಗ ಬರುವವರೆಗೆ ಐಸಿನಲ್ಲಿ ಇಡುತ್ತೇವೆ. ಅವರಲ್ಲಿ ಆದಷ್ಟು ಬೇಗ ಮಣ್ಣು ಮಾಡಬೇಕು. ಅದೂ ಮರುದಿನ ಶುಕ್ರವಾರ, ಸಂಜೆ ಆರೂಕಾಲಕ್ಕೆ ಸೂರ್ಯ ಮುಳುಗುತ್ತಾನೆ. ಅಷ್ಟರೊಳಗೆ ಆಗದಿದ್ದರೆ ಭಾನುವಾರವೇ. ಶಬ್ಬಾತ್‌ನಲ್ಲಿ ಮಣ್ಣು ಮಾಡುವುದಿಲ್ಲ.

ಹಾಗಾಗಿ ರಾತ್ರಿಯಿಡೀ ಕಾಗದದ ಓಡಾಟ. ಆಸ್ಪತ್ರೆಯ ಬಿಲ್ಲು, ಮರಣದ ಚೀಟಿ, ಆಧಾರ್ ಜೆರಾಕ್ಸು. ಬ್ಯಾಂಕಿನಲ್ಲಿದ್ದವನಿಗೆ ಕಾಗದ ಹೊಸದಲ್ಲ. ಬೆಳಿಗ್ಗೆ ಸಿನಗಾಗಿಗೆ ಹೋದೆ. ಥಾಣೆಯ ಶಾರ್ ಹಶಮಾಯಿಂ, 1879ರದ್ದು. ಹೆಸರಿನ ಅರ್ಥ ಸ್ವರ್ಗದ ಬಾಗಿಲು. ಈ ಬಾಗಿಲಲ್ಲಿ ಪೊಲೀಸ್ ಕೂತಿರುತ್ತಾನೆ. 2008ರ ನವೆಂಬರ್ ದಾಳಿಯಲ್ಲಿ ಕೊಲಾಬಾದ ನರಿಮನ್ ಹೌಸಿನಲ್ಲಿ ರಬ್ಬಿ ಗೇವ್ರಿಯೆಲ್ ಹೋಲ್ಟ್ಸ್‌ಬರ್ಗ್, ಅವರ ಹೆಂಡತಿ ರಿವ್ಕಾ ಮತ್ತು ಅತಿಥಿಗಳನ್ನು ಕೊಂದ ಮೇಲೆ ಮುಂಬೈ ಸುತ್ತಿನ ಸಿನಗಾಗುಗಳಿಗೆಲ್ಲ ಕಾವಲು ಬಂತು. ಅವತ್ತು ನನ್ನನ್ನೂ ನಿಲ್ಲಿಸಿದರು. ಯಾರು, ಯಾಕೆ, ಗುರುತಿನ ಚೀಟಿ ಎಲ್ಲಿ ಅಂತ. ಸಾವಿನ ಸುದ್ದಿ ಹೇಳಲು ಬಂದವನು ಚೀಟಿ ತಂದಿರಲಿಲ್ಲ. ಒಳಗಿಂದ ಒಬ್ಬರು ಹಜ್ಜಾನ್ ಬಂದು ಕರೆದುಕೊಂಡು ಹೋದರು. ಹಜ್ಜಾನ್ ಅಂದರೆ ಪ್ರಾರ್ಥನೆ ನಡೆಸುವವರು. ಆಮೇಲೆ ಎಲ್ಲ ಕೆಲಸ ಸರಸರ ಆಯಿತು. ಮೀಯಿಸುವವರು ಬಂದರು, ಅವರ ಜನವೇ. ನಾವು ಹೊರಗೆ ನಿಂತೆವು. ಬಿಳಿ ಹತ್ತಿಯ ಬಟ್ಟೆ, ಅದಕ್ಕೆ ಜೇಬಿಲ್ಲ. ಎಲ್ಲರಿಗೂ ಒಂದೇ ಥರ, ಸಾಹುಕಾರನಿಗೂ ಅದೇ.

ಸ್ಮಶಾನದಲ್ಲಿ ಒಬ್ಬೊಬ್ಬರೇ ಮಣ್ಣು ಹಾಕಿದರು. ನನ್ನ ಸರದಿ ಮುಗಿದ ಮೇಲೆ ಗುದ್ದಲಿಯನ್ನು ಪಕ್ಕದವರ ಕೈಗೆ ಕೊಡಲು ಹೋದೆ. ಅವರು ತಲೆಯಾಡಿಸಿ ಕೆಳಗೆ ಇಡಲು ಸನ್ನೆ ಮಾಡಿದರು. ಕೈಯಿಂದ ಕೈಗೆ ಕೊಡಬಾರದು, ದುಃಖ ದಾಟಿಸಿದ ಹಾಗೆ ಆಗುತ್ತದೆ. ಹೊರಬರುವಾಗ ಕೈತೊಳೆದೆವು. ಅದೊಂದು ನನಗೆ ಗೊತ್ತಿತ್ತು.

ಆ ಸಂಜೆಯನ್ನು ಮಾತ್ರ ನಾನು ಮರೆಯಲಾರೆ. ಮಧ್ಯಾಹ್ನ ಮಣ್ಣಿಗೆ ಹೋಗುವ ಮುಂಚೆ ಕಾಕೂ ಬಟ್ಟೆಯ ಅಂಚನ್ನು ಹರಿದುಕೊಂಡಿದ್ದರು, ಅದು ಶೋಕದ ಗುರುತು. ಸಾವಿನ ಮನೆಯಲ್ಲಿ ಮೊದಲ ಊಟ ತಮ್ಮದಾಗಬಾರದು, ಬೇರೆಯವರ ಮನೆಯದಾಗಬೇಕು. ಸಾಮಾನ್ಯವಾಗಿ ಬೇಯಿಸಿದ ಮೊಟ್ಟೆ ಅಥವಾ ಬೇಳೆ. ಗುಂಡಗಿರುವುದು, ಬಾಯಿ ಇಲ್ಲದ್ದು. ದುಃಖದಲ್ಲಿರುವವರಿಗೂ ಮಾತಿಲ್ಲ ಅಂತ. ನಮ್ಮದು ಮೊಟ್ಟೆ ಒಲೆಗೇರದ ಮನೆ. ಹೆಂಡತಿ ಮಸೂರ ಬೇಳೆಯ ತೊವ್ವೆ ಮಾಡಿ ಅನ್ನ ಕಲಸಿ ತಂದಳು. ಕಾಕೂ ನೆಲದಲ್ಲಿ ಕೂತು ನಾಲ್ಕು ತುತ್ತು ತಿಂದರು. ಆಮೇಲೆ ಗಡಿಯಾರ ನೋಡಿದರು. ಎದ್ದರು. ಹರಿದ ಬಟ್ಟೆ ಬಿಚ್ಚಿ, ಒಗೆದ ಸೀರೆ ಉಟ್ಟು ಬಂದರು. ಶಬ್ಬಾತ್ ದಿನ ಎಲ್ಲರೆದುರು ಶೋಕ ತೋರಿಸುವಂತಿಲ್ಲ. ಗಂಡ ಹೋಗಿದ್ದರೂ ಇಲ್ಲ.

ಅಡುಗೆಮನೆಯಲ್ಲಿ ನನ್ನ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಮೂಲೆಯಲ್ಲಿ ಒಂದು ಬಟ್ಟಲಲ್ಲಿ ಕಪ್ಪು ನೀರು. ಹಳಸಿದೆ ಅಂತ ಬಚ್ಚಲಿಗೆ ಬಗ್ಗಿಸಲು ಹೋದಳು. ಕಾಕೂ ಓಡಿ ಬಂದು ಕೈ ಹಿಡಿದರು. ಅದು ದ್ರಾಕ್ಷಿ. ಗುರುವಾರ ಬೆಳಿಗ್ಗೆಯದ್ದು. ಅವರೇ ಕೂತು ಹಿಸುಕಿದರು, ಸೋಸಿದರು. ಎರಡು ದೀಪ ಹಚ್ಚಿದರು. ಕಾಕಾ ಹೇಳುತ್ತಿದ್ದ ಮಂತ್ರವನ್ನು ತಾವೇ ಹೇಳಿದರು. ಅರ್ಧದಲ್ಲಿ ಒಂದು ಸಲ ನಿಂತರು, ಮತ್ತೆ ಮುಂದುವರಿಸಿದರು. ಬಟ್ಟಲು ನಮ್ಮ ಕೈಗೂ ಬಂತು. ಶರಬತ್ತು ಸ್ವಲ್ಪ ಹುಳಿ ಬಂದಿತ್ತು.

ಮಣ್ಣು ಮಾಡಿದ ದಿನದಿಂದ ಏಳು ದಿನ ಮನೆಯಲ್ಲೇ ಕೂರಬೇಕು. ಅದಕ್ಕೆ ‘ಶಿವಾ’ ಅನ್ನುತ್ತಾರೆ. ನಮ್ಮ ಶಿವನಿಗೂ ಅದಕ್ಕೂ ಸಂಬಂಧವಿಲ್ಲ, ಹೀಬ್ರೂನಲ್ಲಿ ಏಳು ಅಂತ ಅರ್ಥ. ಆದರೂ ಪ್ರತಿ ಸಲ ಆ ಪದ ಕೇಳಿದಾಗ ನನ್ನ ಹೆಂಡತಿಯ ಕೈ ತಂತಾನೇ ಜೋಡಿಸಿಕೊಳ್ಳುತ್ತಿತ್ತು. ಮಗ ಶನಿವಾರ ತಡರಾತ್ರಿ ಬಂದಿಳಿದ. ಅವನು ಕದ್ದೀಶ್ ಹೇಳಬೇಕು. ಸತ್ತವರಿಗಾಗಿ ಮಕ್ಕಳು ನಿಂತು ಹೇಳುವ ಪ್ರಾರ್ಥನೆ ಅದು. ಭಾಷೆ ಹೀಬ್ರೂ ಅಲ್ಲ, ಅರಾಮಿಕ್. ಅದರಲ್ಲಿ ಸಾವಿನ ಮಾತೇ ಇಲ್ಲ. ಆದಿಯಿಂದ ಅಂತ್ಯದವರೆಗೆ ದೇವರ ಹೊಗಳಿಕೆ, ಕೊನೆಗೆ ಶಾಂತಿ. ಆದರೆ ಒಬ್ಬನೇ ಕೂತು ಹೇಳುವಂತಿಲ್ಲ. ಹದಿಮೂರು ತುಂಬಿದ ಹತ್ತು ಜನ ಯಹೂದಿ ಗಂಡಸರು ಇರಬೇಕು. ಅದಕ್ಕೆ ಮಿನ್ಯಾನ್ ಅನ್ನುತ್ತಾರೆ. ಒಂಬತ್ತು ಜನ ಮಹಾ ಪಂಡಿತರಿದ್ದರೂ ಕದ್ದೀಶ್ ಇಲ್ಲ. ಹತ್ತನೆಯವನು ಹೆಬ್ಬೆಟ್ಟು ಒತ್ತುವವನಾದರೂ ನಡೆಯುತ್ತದೆ.

1948ರ ಸುಮಾರಿಗೆ ಬೆನೆ ಇಸ್ರೇಲರೇ ಇಪ್ಪತ್ತು ಸಾವಿರದಷ್ಟು ಇದ್ದರು. ಇಸ್ರೇಲ್ ಹುಟ್ಟಿದ ಮೇಲೆ ಕಂತು ಕಂತಾಗಿ ಹೋದರು. ಈಗ ಇಡೀ ದೇಶದಲ್ಲಿ ಎಲ್ಲ ಪಂಗಡದ ಯಹೂದಿಗಳು ಸೇರಿದರೂ ಐದು ಸಾವಿರ ದಾಟುವುದಿಲ್ಲ. ಅದರಲ್ಲಿ ಹೆಚ್ಚಿನವರು ಮುಂಬೈ, ಥಾಣೆ ಕಡೆಯವರೇ. ಹಾಗಾಗಿ ಶನಿವಾರ ಸಿನಗಾಗಿನಲ್ಲಿ ಹತ್ತು ಜನ ಸಿಗುವುದು ಕಷ್ಟವಲ್ಲ. ಆದರೆ ಸೋಮವಾರ ಸಂಜೆ, ಒಬ್ಬರ ಮನೆಯಲ್ಲಿ, ಆಫೀಸಿನಿಂದ ಎಲ್ಲರೂ ಲೋಕಲ್ಲಿನಲ್ಲಿ ನೇತಾಡಿಕೊಂಡು ಬರುವ ಹೊತ್ತಿಗೆ? ಮಗನಿಗೆ ಇಲ್ಲಿಯ ಸಂಪರ್ಕ ತಪ್ಪಿ ಹದಿನೈದು ವರ್ಷ. ಕಾಕೂ ನೆಲ ಬಿಟ್ಟು ಏಳುವಂತಿಲ್ಲ. ಹಜ್ಜಾನ್ ನನಗೆ ಒಂದು ಡೈರಿ ಕೊಟ್ಟು, “ಇವರಿಗೆ ಫೋನ್ ಮಾಡ್ತೀರಾ?” ಅಂದರು. ಪಟ್ಟಿ ಹುಟ್ಟಿದ್ದು ಹಾಗೆ.

ಭಾನುವಾರ ಸಲೀಸಾಗಿ ಹನ್ನೆರಡು ಜನ ಬಂದರು. ನಾನು ಹೊಸ ಅಧಿಕಾರ ಸಿಕ್ಕವನ ಹಾಗೆ ಬಾಗಿಲಲ್ಲಿ ನಿಂತು, ಬೆರಳು ತೋರಿಸುತ್ತಾ, “ಒಂದು, ಎರಡು, ಮೂರು” ಅಂತ ಎಣಿಸತೊಡಗಿದೆ. ಹಜ್ಜಾನ್ ನನ್ನ ಬೆರಳನ್ನೇ ಹಿಡಿದುಬಿಟ್ಟರು. ಮನುಷ್ಯರನ್ನು ಎಣಿಸಬಾರದು. ಹಾಗಾದರೆ ಹತ್ತು ಆಯಿತು ಅಂತ ತಿಳಿಯುವುದು ಹೇಗೆ? ಅವರ ಧರ್ಮಗ್ರಂಥದ ಒಂದು ಕೀರ್ತನೆಯಲ್ಲಿ ಸರಿಯಾಗಿ ಹತ್ತು ಪದಗಳ ಒಂದು ಸಾಲಿದೆ. ‘ನಿನ್ನ ಜನರನ್ನು ಕಾಪಾಡು’ ಅಂತ ಶುರುವಾಗುತ್ತದೆ. ಒಬ್ಬೊಬ್ಬರ ಮುಖ ನೋಡಿ ಒಂದೊಂದು ಪದ ಹೇಳುತ್ತಾ ಹೋಗುವುದು. ಸಾಲು ಮುಗಿದರೆ ಹತ್ತು ಆದ ಹಾಗೆ. ನನಗೆ ನಮ್ಮ ಕಣದ ನೆನಪಾಯಿತು. ಭತ್ತ ಅಳೆಯುವಾಗ ಅಜ್ಜ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದರು. ಇರುವುದು ಕಡಿಮೆಯಾಗದಿರಲಿ ಅನ್ನೋ ಭಯ ಎಲ್ಲ ಕಡೆ ಒಂದೇ ಥರ ಇರಬೇಕು.

ಸೋಮವಾರ ಒಂಬತ್ತು ಜನ. ಗಂಟೆ ಏಳೂಮುಕ್ಕಾಲು. ಒಬ್ಬರ ರೈಲು ಮುಲುಂಡಿನಲ್ಲಿ ನಿಂತಿತ್ತು. ಇನ್ನೊಬ್ಬರಿಗೆ ಜ್ವರ. ಮತ್ತೊಬ್ಬರು ಫೋನ್ ಎತ್ತಲಿಲ್ಲ. ಎಲ್ಲರೂ ಬಾಗಿಲು ನೋಡುತ್ತಿದ್ದರು. ಮಗ ಪುಸ್ತಕ ಹಿಡಿದು ನಿಂತೇ ಇದ್ದ. ನಾನು ಅಲ್ಲೇ ಇದ್ದೆ. ತಲೆಗೆ ಟೋಪಿಯೂ ಹಾಕಿಕೊಂಡಿದ್ದೆ. ಮೂರು ದಿನದಿಂದ ಆ ಮನೆಯ ಹಾಲು, ತರಕಾರಿ, ಕುರ್ಚಿ, ಚಾಪೆ ಎಲ್ಲ ನಾನೇ ನೋಡಿಕೊಂಡಿದ್ದೆ. ಆದರೂ ಒಂಬತ್ತು ಒಂಬತ್ತೇ. ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ, ಅದು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಚುಚ್ಚಿತು.

ಆಗ ಕಾಕೂ ನೆಲದಿಂದಲೇ ಹೇಳಿದರು, “ಹಿಂದಿನ ಬಿಲ್ಡಿಂಗಿನ ಹುಡುಗನಿಗೆ ಹೋದ ತಿಂಗಳು ಹದಿಮೂರು ಆಯಿತಲ್ಲ?”

ಸ್ಕೂಟರ್ ತೆಗೆದೆ. ಹುಡುಗ ಮನೆಯಲ್ಲಿಲ್ಲ, ಟ್ಯೂಷನ್ನಿನಲ್ಲಿ. ಟ್ಯೂಷನ್ ಮಾಸ್ತರರಿಗೆ ಏನಂತ ಹೇಳುವುದು? “ಈ ಹುಡುಗ ಇಲ್ಲದೆ ಒಂದು ಮನೆಯಲ್ಲಿ ಪೂಜೆ ನಿಂತಿದೆ” ಅಂದೆ. ಅವರು ಕಣ್ಣರಳಿಸಿ ಬಿಟ್ಟುಕೊಟ್ಟರು. ಹುಡುಗ ಬೀಜಗಣಿತದ ಪುಸ್ತಕ ಹಿಡಿದೇ ಹಿಂದೆ ಹತ್ತಿದ. ಅವನು ಕೋಣೆಯೊಳಗೆ ಕಾಲಿಟ್ಟಾಗ ಮುದುಕರೆಲ್ಲ ಎದ್ದು ನಿಂತರು. ಅವನಿಗೆ ಗಾಬರಿ. ಹಜ್ಜಾನ್ ಸಾಲು ಹೇಳಿದರು, ಕೊನೆಯ ಪದ ಅವನ ಮುಖದ ಮೇಲೆ ಬಂದು ನಿಂತಿತು. ಮಗ ಕದ್ದೀಶ್ ಶುರು ಮಾಡಿದ. ನಡುನಡುವೆ ಎಲ್ಲರೂ ‘ಆಮೇನ್’ ಅನ್ನಬೇಕು. ಅದನ್ನು ಹೇಳಲು ಲೆಕ್ಕದಲ್ಲಿ ಇರಬೇಕಿಲ್ಲ. ನಾನು ಬಾಗಿಲ ಬಳಿಯಿಂದ ಜೋರಾಗಿಯೇ ಅಂದೆ.

ಮಂಗಳವಾರ, ಬುಧವಾರ ಹೇಗೋ ಆಯಿತು. ಗುರುವಾರ ಬೆಳಿಗ್ಗೆ ಏಳು ದಿನ ಮುಗಿಯಿತು. ತಟ್ಟೆಯಲ್ಲಿ ಹಣ್ಣು, ಖರ್ಜೂರ, ಕಾಮಕಸ್ತೂರಿಯ ಚಿಗುರು ಇಟ್ಟು, ಮರದಲ್ಲಿ ಬಿಡುವುದಕ್ಕೊಂದು, ನೆಲದಲ್ಲಿ ಬೆಳೆಯುವುದಕ್ಕೊಂದು, ಪರಿಮಳಕ್ಕೊಂದು ಅಂತ ಬೇರೆ ಬೇರೆ ಮಂತ್ರ ಹೇಳಿ ಹಂಚಿದರು. ಸತ್ತವರ ಆತ್ಮಕ್ಕೆ ಆ ಮಂತ್ರಗಳ ಪುಣ್ಯ. ಮಗ ವಾಪಸ್ ಹೋದ. ಹನ್ನೊಂದು ತಿಂಗಳು ಅಲ್ಲೇ ದಿನಾ ಕದ್ದೀಶ್ ಹೇಳಿದ. ಅಲ್ಲಿ ಹತ್ತು ಜನರಿಗೆ ಬರವಿಲ್ಲ.

ಆ ವರ್ಷದ ಹಬ್ಬಗಳನ್ನು ಕಾಕೂ ಸದ್ದಿಲ್ಲದೆ ಮಾಡಿದರು. ಅವುಗಳ ಮರಾಠಿ ಹೆಸರು ಕೇಳುವುದೇ ನನಗೆ ಖುಷಿ. ಹೊಸ ವರ್ಷ ‘ನವ್ಯಾಚಾ ಸಣ’. ಉಪವಾಸದ ಮಹಾದಿನ ಯೋಮ್ ಕಿಪ್ಪೂರ್, ಅವರಿಗೆ ‘ದಾರ್ ಫಳ್ಣೀಚಾ ಸಣ’, ಅಂದರೆ ಬಾಗಿಲು ಮುಚ್ಚಿಕೊಳ್ಳುವ ಹಬ್ಬ. ಮರುದಿನದ್ದು ‘ಶಿಳಾ ಸಣ’, ನಮ್ಮ ಬಾಯಲ್ಲಿ ತಂಗಳ ಹಬ್ಬ. ಜೆರುಸಲೇಮಿನ ದೇವಾಲಯ ನಾಶವಾದದ್ದನ್ನು ನೆನೆಯುವ ಉಪವಾಸಕ್ಕೆ ‘ಬಿರಡ್ಯಾಚಾ ರೋಜಾ’ ಅಂತ ಹೆಸರು. ಬಿರಡೆ ಅಂದರೆ ಮೊಳಕೆ ಬರಿಸಿ ಸಿಪ್ಪೆ ತೆಗೆದ ಅವರೆ. ಆಗಸ್ಟಿನಲ್ಲಿ ಕಾಕೂ ಒಂದು ರಾಶಿ ನೆನೆಸಿದ ಕಾಳು ಇಟ್ಟುಕೊಂಡು ಸಿಪ್ಪೆ ಸುಲಿಯುತ್ತಿದ್ದರು. ನನ್ನ ಹೆಂಡತಿ ಬಂದು ನೋಡಿ, “ಅಯ್ಯೋ, ಇದು ನಮ್ಮ ಹಿತಕಿದ ಅವರೆ ಅಲ್ವಾ!” ಅಂತ ಪಕ್ಕದಲ್ಲಿ ಕೂತುಬಿಟ್ಟಳು. ಎರಡು ಸಾವಿರ ವರ್ಷದ ಹಿಂದಿನ ದೇವಾಲಯಕ್ಕಾಗಿ ಒಬ್ಬರು, ಮಂಡ್ಯದ ನೆನಪಿಗಾಗಿ ಇನ್ನೊಬ್ಬರು, ಮಧ್ಯಾಹ್ನವಿಡೀ ಹಿಸುಕಿದರು.

ಡಿಸೆಂಬರಿನಲ್ಲಿ ಮಗ ಗೋರಿಕಲ್ಲಿಗೆ ದುಡ್ಡು ಕಳಿಸಿದ. ವರ್ಷದ ದಿನಕ್ಕೆ ಕಲ್ಲು ನಿಲ್ಲಿಸಬೇಕು. ಆ ಜವಾಬ್ದಾರಿಯನ್ನೂ ನಾನೇ ಕೇಳಿ ಪಡೆದೆ. ಅವರ ಕಲ್ಲುಗಳ ಮೇಲೆ ಸಾಮಾನ್ಯವಾಗಿ ಹೀಬ್ರೂ, ಮರಾಠಿ, ಇಂಗ್ಲಿಷ್ ಮೂರೂ ಇರುತ್ತವೆ. ಹೀಬ್ರೂ ತಾರೀಕು ಬೇಕು. ಫೋನಿನಲ್ಲಿ ಹುಡುಕಿದೆ. 2019ರ ಜನವರಿ 10 ಅಂತ ಒತ್ತಿದೆ. ಶ್ವಾತ್ ತಿಂಗಳ 4, ವರ್ಷ 5779 ಅಂತ ಬಂತು. ಕಲ್ಲು ಕೆತ್ತುವವನಿಗೆ ಮುದ್ರಿಸಿ ಕೊಟ್ಟೆ. ಪಾಪ, ಅವನಿಗೆ ಅಕ್ಷರ ಗೊತ್ತಿಲ್ಲ, ಚಿತ್ರ ನೋಡಿ ಕೆತ್ತುತ್ತಾನೆ. ವರ್ಷದ ದಿನ 2020ರ ಜನವರಿ 30ಕ್ಕೆ ಬೀಳುತ್ತದೆ ಅಂತಲೂ ಅದೇ ಫೋನ್ ಹೇಳಿತು. ಹಿಂದಿನ ಸಂಜೆಯೇ ಶುರುವಾಗುವುದರಿಂದ 29ರ ಬುಧವಾರ ಸಂಜೆಗೆ ಹದಿನಾಲ್ಕು ಜನಕ್ಕೂ ಫೋನ್ ಮಾಡಿ ಹೇಳಿಟ್ಟೆ.

ಇಪ್ಪತ್ತು ದಿನ ಮುಂದೆ ಹೋಗಿದ್ದು ನನಗೆ ಆಶ್ಚರ್ಯ ಆಗಲಿಲ್ಲ. ಅವರದ್ದೂ ಚಂದ್ರನ ತಿಂಗಳು, ಅವರಲ್ಲೂ ಅಧಿಕ ಮಾಸ ಇದೆ. ಹತ್ತೊಂಬತ್ತು ವರ್ಷದಲ್ಲಿ ಏಳು ಸಲ ಅದಾರ್ ಅನ್ನೋ ತಿಂಗಳು ಎರಡು ಬರುತ್ತದೆ. 5779 ಅಂಥ ವರ್ಷ. ಅಪ್ಪನ ತಿಥಿ ಪ್ರತಿ ವರ್ಷ ಕ್ಯಾಲೆಂಡರಿನಲ್ಲಿ ಅತ್ತಿತ್ತ ಜಾರುವುದನ್ನು ನೋಡಿದವನಿಗೆ ಇದು ಮನೆಯ ವಿಷಯ. ಬಹುಶಃ ಆ ಜಂಬವೇ ಕೆಡಿಸಿತು.

ಕಲ್ಲು ನೋಡಲು ಕಾಕೂನನ್ನು ಕರೆದುಕೊಂಡು ಹೋದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ, ಬೆರಳಿನಿಂದ ಸಾಲು ಸವರಿ ನೋಡಿದರು. ಒಂದು ಅಕ್ಷರದ ಮೇಲೆ ಬೆರಳು ನಿಂತಿತು.

“ಇದು ದಾಲೆತ್” ಅಂದರು. “ನಾಲ್ಕು.”

“ಹೌದು ಕಾಕೂ, ನಾಲ್ಕನೇ ತಾರೀಕು.”

“ಅವರು ಹೋದಾಗ ಎಷ್ಟು ಗಂಟೆ?”

ಏಳೂವರೆ. ಆ ಹೊತ್ತಿಗೆ ಸೂರ್ಯ ಮುಳುಗಿ ಗಂಟೆ ದಾಟಿತ್ತು. ಅವರ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಅಂದರೆ ಕಾಕಾ ಹೋದದ್ದು ಐದನೇ ತಾರೀಕು. ಹತ್ತು ವರ್ಷ ಅವರ ಮನೆಯ ಶುಕ್ರವಾರದ ದೀಪ ನೋಡಿದ್ದೇನೆ. ಹೊತ್ತು ಮುಳುಗಿದರೆ ದಿನ ಬದಲಾಗುತ್ತದೆ ಅಂತ ನನಗೆ ಗೊತ್ತಿಲ್ಲವಾ? ಫೋನಿನಲ್ಲಿ ‘ಸೂರ್ಯಾಸ್ತದ ನಂತರ’ ಅನ್ನೋ ಒಂದು ಚೌಕ ಇತ್ತು, ಅದನ್ನು ಒತ್ತಿರಲಿಲ್ಲ. ನಾಚಿಕೆಯಿಂದ ನೆಲ ನೋಡಿಕೊಂಡು ನಿಂತೆ. ಅಷ್ಟು ದೊಡ್ಡ ಕಲ್ಲು, ಅಷ್ಟು ದುಡ್ಡು.

ಕಾಕೂ ನಗುತ್ತಿದ್ದರು. ಚೀಲದಿಂದ ಪೆನ್ನು ತೆಗೆದು, ನನ್ನ ಅಂಗೈ ಎಳೆದು ಬರೆದು ತೋರಿಸಿದರು. ದಾಲೆತ್ ಅಂದರೆ ಮೇಲೊಂದು ಅಡ್ಡಗೆರೆ, ಬಲಕ್ಕೊಂದು ಉದ್ದಗೆರೆ. ಅದರ ಎಡಗಡೆ ಒಳಗೆ ಒಂದು ಚಿಕ್ಕ ಕಾಲು ಇಳಿಸಿದರೆ ‘ಹೇ’ ಆಗುತ್ತದೆ. ಹೇ ಅಂದರೆ ಐದು. “ಐದನ್ನು ನಾಲ್ಕು ಮಾಡಬೇಕಾಗಿದ್ದರೆ ಹೊಸ ಕಲ್ಲು ಬೇಕಿತ್ತು” ಅಂದರು. ಕೆತ್ತುವವನು ಉಳಿ ತೆಗೆದು ಹತ್ತು ನಿಮಿಷದಲ್ಲಿ ಕಾಲು ಇಳಿಸಿದ. ಹತ್ತಿರ ಹೋಗಿ ನೋಡಿದರೆ ಆ ಒಂದು ಗೆರೆ ಈಗಲೂ ಉಳಿದದ್ದಕ್ಕಿಂತ ಸ್ವಲ್ಪ ಬೆಳ್ಳಗಿದೆ.

ಆ ರಾತ್ರಿ ಹದಿನಾಲ್ಕು ಜನಕ್ಕೂ ಮತ್ತೆ ಫೋನ್. “ಬುಧವಾರ ಅಲ್ಲ, ಗುರುವಾರ. ತಪ್ಪು ನನ್ನದು.” ಇಬ್ಬರು ಬೈದರು. ಒಬ್ಬರು ರಜೆ ಹಾಕಿಬಿಟ್ಟಿದ್ದರು.

30ರ ಗುರುವಾರ ಸಂಜೆ ಕಾಕೂ ಮನೆಯಲ್ಲಿ ಇಪ್ಪತ್ನಾಲ್ಕು ಗಂಟೆ ಉರಿಯುವ ಹಾಗೆ ಎಣ್ಣೆ ತುಂಬಿ ಒಂದು ದೀಪ ಹಚ್ಚಿಟ್ಟರು. ಆಮೇಲೆ ಸಿನಗಾಗಿಗೆ ಹೋದೆವು. ಬಾಗಿಲ ಪೊಲೀಸ್ ಬದಲಾಗಿದ್ದ, ಈ ಸಲ ನನ್ನ ಹತ್ತಿರ ಚೀಟಿ ಇತ್ತು. ಜನ ಹನ್ನೊಂದಾದರು. ಬೀಜಗಣಿತದ ಹುಡುಗ ಯಾರೂ ಕರೆಯದೆ ಬಂದಿದ್ದ. ಮೇಲ್ದುಟಿಯಲ್ಲಿ ನಾಲ್ಕು ಕೂದಲು ಮೂಡಿದ್ದವು. ನನ್ನನ್ನು ನೋಡಿ, “ಅಂಕಲ್, ಇವತ್ತು ಸ್ಕೂಟರ್ ಬೇಡ” ಅಂದ.

ಫೆಬ್ರವರಿ 10, ಶ್ವಾತ್ ಹದಿನೈದು. ಆ ದಿನ ಬೆನೆ ಇಸ್ರೇಲರು ಅಲಿಬಾಗ್ ಹತ್ತಿರದ ಖಂಡಾಳಾ ಹಳ್ಳಿಗೆ ಹೋಗುತ್ತಾರೆ. ಪ್ರವಾದಿ ಎಲಿಯಾಹು ಅಲ್ಲಿ ಕಾಣಿಸಿಕೊಂಡು ಹೋದ ಅಂತ ನಂಬಿಕೆ. ಅವನ ರಥದ ಗುರುತು ಅಂತ ಒಂದು ಬಂಡೆಯನ್ನು ತೋರಿಸುತ್ತಾರೆ. ಹರಕೆ ಇದ್ದವರು ಮಲೀದಾ ಮಾಡಿ ಹಂಚುತ್ತಾರೆ. ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ಮೇಲೆ ಬಾಳೆಹಣ್ಣು, ಖರ್ಜೂರ. ಬೆಲ್ಲ ಹಾಕಿದ್ದರೆ ನಮ್ಮ ಗಣಪತಿಯ ಪಂಚಕಜ್ಜಾಯಕ್ಕೂ ಅದಕ್ಕೂ ಅಷ್ಟೇನೂ ದೂರವಿಲ್ಲ. ಕಾಕಾ ಇದ್ದಾಗ ವರ್ಷ ವರ್ಷ ಹೋಗುತ್ತಿದ್ದರು. ಹೋದ ವರ್ಷ ತಿಂಗಳೊಳಗಿನ ಶೋಕ, ಹೋಗುವಂತಿರಲಿಲ್ಲ. ಈ ಸಲ ಕಾಕೂ, “ನೀವೂ ಬನ್ನಿ, ತೆಂಗಿನಕಾಯಿ ತುರಿಯೋಕೆ ಜನ ಬೇಕು” ಅಂದರು.

ಬೆಳಿಗ್ಗೆ ಬಸ್ಸು ಹತ್ತಿದೆವು. ಹೆಂಡತಿ ಕಾಕೂ ಪಕ್ಕ ಕೂತು ಅವಲಕ್ಕಿ ಎಷ್ಟು ಕೆಜಿ ಅಂತ ಲೆಕ್ಕ ಹಾಕುತ್ತಿದ್ದಳು. ನಾನು ಅಭ್ಯಾಸಬಲದಿಂದ ಹಿಂದೆ ತಿರುಗಿ ಮುಖಗಳನ್ನು ನೋಡುತ್ತಾ ಹೋದೆ. ಬರೀ ಗಂಡಸರೇ ಇಪ್ಪತ್ತರ ಮೇಲಿದ್ದರು. ಫೋನ್ ಜೇಬಿಗೆ ಹಾಕಿದೆ. ವಡಖಳ್ ನಾಕಾ ಬರುವಷ್ಟರಲ್ಲಿ ನನಗೆ ನಿದ್ದೆ ಹತ್ತಿತ್ತು.